ಕಿಟಕಿಯ ಹಾಜರಿ

ಹೊಸದಾಗಿ ಸರ್ಕಾರಿ ನೌಕರಿಗೆ ಸೇರಿದ ಹುಡುಗ ಹುಡುಗಿಯರು ಆಗಾಗ ಬೀದರಿನ ಚಿದ್ರಿಯ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, "ಅಜ್ಜಾ, ನಿಮ್ಮ ಕಾಲದಾಗ ನೌಕರಿ ಭಾಳ ಆರಾಮ ಇತ್ತಂತಲ್ರಿ" ಎನ್ನುತ್ತಾರೆ. ಹಾಗೆ ಹೇಳಿದವರ ಬಾಯಲ್ಲಿ ಮಣ್ಣು ಬೀಳಲಿ! ಯಾರಿಗೆ ಆರಾಮವಿತ್ತು, ಯಾರಿಗೆ ಇರಲಿಲ್ಲ ಎಂದು ಕೇಳುವವರೇ ಇಲ್ಲ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುವ ದಿನ ಎಷ್ಟು ಹಾರ ಬಿದ್ದವು ಎಂದು ಬರೆಯಲು ಕೂತರೆ ನನಗೇ ತೂಕಡಿಕೆ ಬರುತ್ತದೆ. ಅದನ್ನು ಬಿಟ್ಟೆ.

ನನ್ನ ಕೈಯಲ್ಲಿ ಗೆದ್ದ ಪ್ರಕರಣಗಳೂ ಇವೆ. ಔರಾದಿನಲ್ಲಿ ಒಬ್ಬ ಶಿಕ್ಷಕಿಯನ್ನು ಬಸುರಿ ಎಂಬ ಒಂದೇ ಕಾರಣಕ್ಕೆ ಕೆಲಸ ಬಿಡಿಸಲು ಹೊರಟಿದ್ದರು. ಆ ಕಡತ ನನ್ನ ಮೇಜಿಗೆ ಬಂದಾಗಲೆಲ್ಲ "ಶಿಕ್ಷಕಿಯವರ ಜವಾಬು ಎಲ್ಲಿ?" ಎಂದು ಬರೆದು ವಾಪಸು ಕಳಿಸಿದೆ. ಮೂರು ಸಲ ಕಳಿಸಿದ ಮೇಲೆ ಅವರಿಗೇ ಬೇಜಾರಾಗಿ ಕಡತ ಮುಚ್ಚಿದರು. ಹೀಗಾಗಿ ಮಂದಿ ನನ್ನನ್ನು ಕಾನೂನಿನ ಕಾಶಪ್ಪ ಎಂದು ಕರೆಯತೊಡಗಿದರು. ಕರೆಸಿಕೊಂಡು ನಾನೂ ಹಿಗ್ಗಿದ್ದುಂಟು. ಆದರೆ ಈ ಕಾನೂನು ನನ್ನ ತಲೆಗೆ ಹತ್ತಿದ್ದು ನಾನೇ ತಪ್ಪು ಮಾಡಿ ಸಿಕ್ಕಿಬಿದ್ದ ಒಂದು ಪ್ರಕರಣದಲ್ಲಿ. ಅದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ.

ನಾನು ಮನ್ನಳ್ಳಿಯವನು. ಉರ್ದು ಶಾಲೆಯಲ್ಲಿ ಓದಿ, ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ ಭಾಲ್ಕಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕಾರಕೂನನಾದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿದ್ದವರ ಮೊಮ್ಮಕ್ಕಳು ಊರಲ್ಲಿದ್ದಾರೆ. ಹಳೆಯ ಕಡತಗಳನ್ನು ನೋಡಿಕೊಳ್ಳುತ್ತಿದ್ದ ಖಾದರ್ ಸಾಹೇಬರು ನನಗೆ ಕೆಲಸ ಕಲಿಸಿದವರು. ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವೇ ದಿನಗಳಲ್ಲಿ, ಅವರು ರಜಾಕಾರರ ಕಡೆಯವರೆಂದು ಯಾರೋ ಹೆಸರಿಲ್ಲದ ಅರ್ಜಿ ಹಾಕಿದರು. ಅವರನ್ನು ಕೆಲಸದಿಂದ ದೂರವಿಟ್ಟರು. ಆದರೆ ಬೀದರಿನಲ್ಲಿದ್ದ ಮೇಲಧಿಕಾರಿ ಒಬ್ಬರು ಅವರ ಮೇಲಿದ್ದ ಆರೋಪವನ್ನು ಬರೆದು ಕಳಿಸಿ ಜವಾಬು ಕೇಳಿದರು. ಖಾದರ್ ಸಾಹೇಬರು ಪುಟಗಟ್ಟಲೆ ಜವಾಬು ಬರೆದರು, ಸಾಕ್ಷಿ ಕೊಟ್ಟರು, ಕೆಲವು ತಿಂಗಳ ಮೇಲೆ ತಿರುಗಿ ಬಂದು ತಮ್ಮ ಜಾಗದಲ್ಲಿ ಕೂತರು. ಬಂದ ದಿನ ನನಗೆ ಹೇಳಿದ್ದು ಇಷ್ಟೇ: "ಕಾಶಪ್ಪಾ, ನನ್ನ ಕೇಳಿದ್ರಲ್ಲಾ, ಅದಕ್ಕ ಉಳದೀನಿ ನೋಡು."

ಆಗ ನನಗೆ ಆ ಮಾತಿನ ಬೆಲೆ ತಿಳಿಯಲಿಲ್ಲ. ಕಚೇರಿಯೇ ತಲೆಕೆಳಗಾಗಿತ್ತು. ಹೊಸ ಸಾಹೇಬರು ಹೊರ ಪ್ರಾಂತದಿಂದ ಬಂದಿದ್ದರು, ಅವರಿಗೆ ಉರ್ದುವಿನ ಒಂದಕ್ಷರ ಬರುತ್ತಿರಲಿಲ್ಲ. ಉರ್ದು ಕಾಗದಗಳೆಲ್ಲ ಇಂಗ್ಲಿಷಿಗೆ ತಿರುಗಬೇಕಿತ್ತು. ನಿಜಾಮರ ಕಾಲದ ಫಸಲಿ ವರ್ಷ ಹೋಗಿ ಇಂಗ್ಲಿಷ್ ತಾರೀಖು ಬಂತು. ಅಜೂರ್, ದೈ, ಬಹಮನ್ ಎಂದು ತಿಂಗಳು ಎಣಿಸಿಕೊಂಡು ಬೆಳೆದ ನಾವು ಜನವರಿ, ಫೆಬ್ರವರಿ ಎಂದು ಬಾಯಿಪಾಠ ಮಾಡಿದೆವು. ಎರಡು ಬೆರಳಿನಿಂದ ಟೈಪ್ ಮಾಡುವುದನ್ನು ನಾನು ಕಲಿತದ್ದೂ ಆಗಲೇ.

ಅದೇ ಹೊತ್ತಿಗೆ ಘಾಳೆಪ್ಪನವರು ಬೀದರಿನಿಂದ ಆದೇಶ ಹಿಡಿದುಕೊಂಡು ಚಪರಾಸಿಯಾಗಿ ಬಂದರು. ಕಮಠಾಣದ ದಲಿತ ಕೇರಿಯವರು, ಗಟ್ಟಿ ಆಳು, ಸಹಿ ಹಾಕುವಷ್ಟು ಅಕ್ಷರ ಬರುತ್ತಿತ್ತು. ಈಗ ಘಾಳೆಪ್ಪನವರು ಎಂದು ಬರೆಯುತ್ತಿದ್ದೇನೆ. ಆಗ "ಏ ಘಾಳ್ಯಾ" ಎನ್ನುತ್ತಿದ್ದೆ, ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಹಣೆಗೆ ವಿಭೂತಿ ಹಚ್ಚಿ, ಬಸವಣ್ಣನನ್ನು ನೆನೆದು ಮನೆಯಿಂದ ಹೊರಡುವವನು ನಾನು. ಕಚೇರಿಯ ಹೊಸ್ತಿಲು ದಾಟಿದ ಮೇಲೆ ಆ ನೆನಪು ಹೊರಗೇ ಉಳಿಯುತ್ತಿತ್ತು. ನಾಚಿಕೆ ಆಗಬೇಕು, ಆಗುತ್ತದೆ.

ಕಚೇರಿಯಲ್ಲಿ ಅದಾಗಲೇ ನಾಗಪ್ಪ ಎಂಬ ಚಪರಾಸಿ ಇದ್ದ. ಬಾಗಿಲ ಪಕ್ಕದ ಸ್ಟೂಲು ಅವನದು, ಒಳಗಿನ ಕೆಲಸ ಅವನದು. ಘಾಳೆಪ್ಪನವರನ್ನು ಒಳಗೆ ಬಿಡಬಾರದೆಂದು ಯಾರೂ ಆದೇಶ ಮಾಡಲಿಲ್ಲ. ನಾವೆಲ್ಲ ಸೇರಿ ಸುಮ್ಮನೆ ಹಾಗೆ ನಡೆಸಿಕೊಂಡೆವು. ಹೊರಗಿನ ಕೆಲಸವಷ್ಟೂ ಅವರಿಗೆ, ಅದರಲ್ಲೂ ಔರಾದಿನ ಶಾಖೆಗೆ ಟಪಾಲು ಒಯ್ಯುವುದು. ಮೋಟಾರು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ನಡಿಗೆ. ಮಾಂಜ್ರಾ ನದಿ ತುಂಬಿದ್ದರೆ ದಂಡೆಯಲ್ಲೇ ಕಾಯಬೇಕು. ಹೋಗಿ ಬರಲು ಎರಡು ದಿನ, ಮಳೆಗಾಲದಲ್ಲಿ ಮೂರು.

ಹಾಜರಿ ಪಟ್ಟಿ ನನ್ನ ಮೇಜಿನ ಮೇಲೆ ಇರುತ್ತಿತ್ತು. ಹತ್ತು ಗಂಟೆಗೆ ಎಲ್ಲರೂ ಬಂದು ಅದರಲ್ಲಿ ಸಹಿ ಹಾಕಬೇಕು. ಘಾಳೆಪ್ಪನವರು ಒಳಗೆ ಬರುವಂತಿರಲಿಲ್ಲವಲ್ಲ, ನನ್ನ ಬೆನ್ನ ಹಿಂದಿನ ಕಿಟಕಿಯ ಹೊರಗೆ ನಿಂತು "ಹಾಜರ್ ಇದ್ದೀನ್ರಿ" ಎನ್ನುತ್ತಿದ್ದರು. ನಾನು ಅವರ ಹೆಸರಿನ ಮುಂದೆ ಗುರುತು ಹಾಕುತ್ತಿದ್ದೆ. ಔರಾದಿಗೆ ಹೋಗುವ ದಿನ ಟಪಾಲಿನ ಚೀಲವನ್ನು ಹಿಂದಿನ ಸಂಜೆಯೇ ಕೊಟ್ಟಿರುತ್ತಿದ್ದೆವು, ಕೋಳಿ ಕೂಗುವ ಹೊತ್ತಿಗೆ ಅವರು ಮನೆಯಿಂದಲೇ ಹೊರಟಿರುತ್ತಿದ್ದರು. ಹತ್ತಕ್ಕೆ ಕಿಟಕಿಯಲ್ಲಿ ಯಾರೂ ಇರುತ್ತಿರಲಿಲ್ಲ. ನಾನು ಗುಣಾಕಾರದ ಗುರುತು ಹಾಕುತ್ತಿದ್ದೆ, ಅಂದರೆ ಗೈರುಹಾಜರಿ.

ತಿಂಗಳ ಕೊನೆಗೆ ಟಪಾಲು ವಹಿ ತೆಗೆದು, ಔರಾದಿನಲ್ಲಿ ಕಾಗದ ಮುಟ್ಟಿದ ದಿನಗಳನ್ನು ನೋಡಿ, ಹೋಗಿ ಬರುವ ದಿನಗಳ ಆ ಗುರುತುಗಳನ್ನು ತಿದ್ದಬೇಕಿತ್ತು. ಮೊದಮೊದಲು ತಿದ್ದಿದೆ. ಎರಡೂ ವಹಿಗಳಲ್ಲಿ ಫಸಲಿ ತಾರೀಖು ಇದ್ದಾಗ ಅದು ಅರ್ಧ ತಾಸಿನ ಕೆಲಸ. ಹಾಜರಿ ಪಟ್ಟಿ ಇಂಗ್ಲಿಷಿಗೆ ತಿರುಗಿದ ಮೇಲೂ ಔರಾದಿನ ಮುದುಕ ಮುನ್ಷಿಯವರು ಟಪಾಲು ವಹಿಯಲ್ಲಿ ಉರ್ದುವಿನಲ್ಲೇ, ಫಸಲಿ ತಾರೀಖಿನಲ್ಲೇ ಬರೆದು ಸಹಿ ಮಾಡುತ್ತಿದ್ದರು. ಒಂದೊಂದು ದಿನವನ್ನೂ ಹೊಂದಿಸಬೇಕಾದರೆ ಜಂತ್ರಿ, ಅಂದರೆ ಪಂಚಾಂಗ, ಬಿಚ್ಚಿಕೊಂಡು ಕೂರಬೇಕು. ಮುಂದಿನ ತಿಂಗಳು ಮಾಡಿದರಾಯಿತು ಎಂದು ಬಿಟ್ಟೆ. ಆ ಮುಂದಿನ ತಿಂಗಳು ಬರಲೇ ಇಲ್ಲ.

ಸಂವಿಧಾನ ಜಾರಿಗೆ ಬಂದು ಒಂದು ವರ್ಷದ ಮೇಲೆ, ತಾತ್ಕಾಲಿಕ ನೌಕರರಲ್ಲಿ ಯಾರನ್ನು ಕಾಯಂ ಮಾಡಬೇಕು, ಯಾರನ್ನು ತೆಗೆಯಬೇಕು ಎಂಬ ಪಟ್ಟಿ ಹೊರಟಿತು. ನನ್ನ ಹೆಸರೂ ಅದರಲ್ಲಿತ್ತು, ಘಾಳೆಪ್ಪನವರದೂ ಇತ್ತು. ಸಾಹೇಬರು ಹಾಜರಿ ಪಟ್ಟಿ ತರಿಸಿ ಹಾಳೆ ತಿರುವಿದರು. ಘಾಳೆಪ್ಪನವರ ಸಾಲಿನಲ್ಲಿ ಎಲ್ಲೆಲ್ಲೂ ಗುಣಾಕಾರ. "ಈ ಮನುಷ್ಯ ಕೆಲಸಕ್ಕೆ ಬರುತ್ತಾನೋ, ನೆಂಟಸ್ತನಕ್ಕೆ ಬರುತ್ತಾನೋ?" ಎಂದು ನಕ್ಕು, ಕೆಲಸದಿಂದ ತೆಗೆಯುವ ಬರ್ತರಫ್ ಆದೇಶ ಹೇಳಿ ಬರೆಸಿದರು. ಟೈಪ್ ಮಾಡಿದವನು ನಾನೇ. ಅರ್ಧ ಮಾಡುವಾಗಲೇ ಆ ಗುರುತುಗಳನ್ನು ತಿದ್ದದೆ ಬಿಟ್ಟದ್ದು ನೆನಪಾಯಿತು. ಆದರೂ ಬೆರಳು ನಿಲ್ಲಲಿಲ್ಲ. ನನ್ನ ಕಾಯಮಾತಿಗೆ ಸಾಹೇಬರ ಸಹಿ ಇನ್ನೂ ಬಿದ್ದಿರಲಿಲ್ಲ.

ಆ ಕಾಗದವನ್ನು ಘಾಳೆಪ್ಪನವರಿಗೆ ಕಿಟಕಿಯಿಂದಲೇ ಕೊಟ್ಟೆ. ಇಂಗ್ಲಿಷ್ ಕಾಗದ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಏನ್ ಬರದದ್ರಿ ಕಾರಕೂನ್ ಸಾಹೇಬ್ರ? ಕಾಯಂ ಆಯ್ತೇನ್ರಿ?" ಎಂದು ಕೇಳಿದರು.

"ನಿನ್ನ ತೆಗದಾರ. ಗೈರುಹಾಜರಿ ಭಾಳ ಆಗ್ಯಾವಂತ."

"ನಾ ಯಾವತ್ತ ಗೈರುಹಾಜರಿದ್ದೆರಿ?"

ನಾನು ಹಾಜರಿ ಪಟ್ಟಿ ಮುಚ್ಚಿದೆ.

"ಔರಾದಿಗಿ ಟಪಾಲ ಯಾರ್ ಒಯ್ದಾರ್ರಿ ಮತ್ತ? ಗಾಳಿಗಿ ಹಾರಿ ಹೋಗ್ಯಾದೇನ್ರಿ? ಹೊಳ್ಯಾಗ ಎದಿಮಟ ನೀರಿತ್ತು, ಚೀಲಾ ತಲಿ ಮ್ಯಾಲ ಇಟ್ಕೊಂಡ ದಾಟೀನಿ. ಒಂದ್ ಕಾಗದ ತೊಯ್ದಿಲ್ಲ. ಅವತ್ತೂ ಗೈರುಹಾಜರಿ ಏನ್ರಿ?"

ಸ್ಟೂಲಿನ ಮೇಲಿದ್ದ ನಾಗಪ್ಪ ತಲೆ ತಗ್ಗಿಸಿದ. ಘಾಳೆಪ್ಪನವರು ಕಾಗದ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಟರು.

ಖಾದರ್ ಸಾಹೇಬರು ತಮ್ಮ ಮೂಲೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಎದ್ದು ಬಂದು ನನ್ನ ಮೇಜಿನ ಮುಂದೆ ನಿಂತರು.

"ಅವನಿಗಿ ಜವಾಬ ಕೇಳೀರೇನು?"

"ಇಲ್ರಿ."

"ನನ್ನ ಮ್ಯಾಲ ಎಂಥಾ ಇಲ್ಜಾಮ್ ಇತ್ತು, ನಿನಗ ಗೊತ್ತದ. ಮುಲ್ಕಿನ ದುಶ್ಮನ್ ಅಂದಿದ್ರು. ಅಂಥಾವನಿಗೇ ಕೇಳಿದ್ರಪ್ಪಾ. ಈ ಬಡವಗ ಒಂದ್ ಮಾತು ಕೇಳಲಿಕ್ಕಿ ನಿಮಗೇನ್ ಧಾಡಿ ಆಗಿತ್ತು?"

ಅಷ್ಟು ಸಿಟ್ಟನ್ನು ಅವರಲ್ಲಿ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಸಂವಿಧಾನದ ಅಚ್ಚಾದ ಪುಸ್ತಕ ಕಚೇರಿಗೆ ಬಂದಾಗ ಅದಕ್ಕೆ ನಂಬರು ಕೊಟ್ಟು ಕಪಾಟಿನಲ್ಲಿ ಇಟ್ಟವನು ನಾನೇ. ತೆರೆದು ನೋಡಿರಲಿಲ್ಲ. ಅಂದು ತೆರೆದೆ. ಮುನ್ನೂರ ಹನ್ನೊಂದನೆಯ ಕಲಮು ಸಿಗಲು ಮಧ್ಯಾಹ್ನವಾಯಿತು. ಸರ್ಕಾರಿ ಹುದ್ದೆಯಲ್ಲಿರುವವನನ್ನು ತೆಗೆದುಹಾಕುವ ಮೊದಲು, ತನ್ನ ಮಾತು ಹೇಳಿಕೊಳ್ಳಲು ಅವನಿಗೆ ತಕ್ಕ ಅವಕಾಶ ಕೊಡಬೇಕು ಎಂದಿತ್ತು. ಅದಕ್ಕೂ ಹಿಂದಿನ ಪುಟಗಳಲ್ಲಿ, ಸರ್ಕಾರಿ ಕೆಲಸದಲ್ಲಿ ಜಾತಿ ನೋಡಿ ಭೇದ ಮಾಡಬಾರದೆಂದೂ ಇತ್ತು, ಅಸ್ಪೃಶ್ಯತೆ ಇನ್ನಿಲ್ಲವೆಂದೂ ಇತ್ತು. ನನ್ನ ಹಿಂದೆ ಕಿಟಕಿ ಇತ್ತು.

ಪುಸ್ತಕ ಹಿಡಿದುಕೊಂಡು ಸಾಹೇಬರ ಕೋಣೆಗೆ ಹೋದೆ. ಅವರು ಕೆಟ್ಟವರೇನಲ್ಲ, ಶಿಸ್ತಿನ ಮನುಷ್ಯ. ಪೂರ್ತಿ ಕೇಳಿ, "ತಾತ್ಕಾಲಿಕ ನೌಕರ, ಅಷ್ಟೆಲ್ಲ ಬೇಕಾಗಿಲ್ಲ" ಎಂದರು. ಗೈರುಹಾಜರಿ ಎಂದು ದೂಷಿಸಿ ತೆಗೆದರೆ ತಾತ್ಕಾಲಿಕನಿಗೂ ಅದು ಶಿಕ್ಷೆಯೇ ಆಗುತ್ತದೆ ಎಂದೆ. ಆಗ ಅವರು ಕನ್ನಡಕ ತೆಗೆದರು.

"ಆ ಗುರುತುಗಳನ್ನು ಹಾಕಿದವರು ಯಾರು?"

"ನಾನೇ ಸರ್."

"ಅಂದರೆ ನಿಮ್ಮ ಪಟ್ಟಿ ಸುಳ್ಳು ಎನ್ನುತ್ತೀರಿ. ಹಾಗಾದರೆ ಮೊದಲು ಜವಾಬು ಕೇಳಬೇಕಾದದ್ದು ನಿಮಗೆ. ಯೋಚನೆ ಮಾಡಿ ಬನ್ನಿ."

ಯೋಚನೆ ಮಾಡಿದೆ. ಒಂದು ವಾರ ಮಾಡಿದೆ! ಅದಕ್ಕೆ ಬೇರೆ ಹೆಸರು ಹೆದರಿಕೆ. ಆ ವಾರದಲ್ಲಿ ಘಾಳೆಪ್ಪನವರ ಹೆಂಡತಿ ಊರ ಹೊರಗಿನ ಹೊಲದಲ್ಲಿ ಕಳೆ ತೆಗೆಯಲು ಹೋಗುವುದನ್ನು ಎರಡು ಸಲ ಕಂಡೆ. ಅವರು ನನ್ನನ್ನು ನೋಡಿ ಮುಖ ತಿರುಗಿಸಿದರು. ಕೊನೆಗೆ ಭಾನುವಾರ ಬೆಳಿಗ್ಗೆ, ಭಾಲ್ಕಿ ರೈಲು ನಿಲ್ದಾಣದ ಹೊರಗೆ ಮೂಟೆ ಹೊರುತ್ತಿದ್ದ ಘಾಳೆಪ್ಪನವರನ್ನು ಹುಡುಕಿಕೊಂಡು ಹೋದೆ.

"ನನ್ನ ಮ್ಯಾಲ ಸಿಟ್ಟ ಅದ ಏನು?" ಎಂದೆ. ಇಲ್ಲ ಎನ್ನುತ್ತಾರೆ, ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ.

"ಅದರಿ" ಎಂದರು. ಮೂಟೆ ಇಳಿಸಿ ಬೆವರು ಒರೆಸಿಕೊಂಡರು. "ಭಾಳ ಅದ. ಆದ್ರ ಸಿಟ್ಟ ಆಮ್ಯಾಲ ನೋಡಾಮಿ. ಈಗ ನಿಮ್ಮ ಬರಹ ಬೇಕ್ರಿ ನನಗ. ಆ ಗುಣಾಕಾರ ಬರದ ಕೈ ಯಾವುದದನೋ, ಅದೇ ಕೈಲೆ ಅರ್ಜಿ ಬರದ ಕೊಡ್ರಿ. ಬೀದರಿಗಿ ನಾನೇ ಒಯ್ತೇನಿ."

ಕಚೇರಿಯಿಂದ ಎರಡೂ ವಹಿಗಳನ್ನು ತೆಗೆದುಕೊಂಡು ಸೀದಾ ಖಾದರ್ ಸಾಹೇಬರ ಮನೆಗೆ ಹೋದೆವು. ಅವರು ಅಂಗಳದಲ್ಲಿ ಚಾಪೆ ಹಾಸಿ, ಎರಡೂ ತಾರೀಖುಗಳಿದ್ದ ಜಂತ್ರಿ ಬಿಚ್ಚಿದರು. ಅವರು ಟಪಾಲು ವಹಿಯಿಂದ ಉರ್ದುವಿನಲ್ಲಿ ಓದುವುದು, ಜಂತ್ರಿ ನೋಡಿ ಇಂಗ್ಲಿಷ್ ತಾರೀಖು ಹೇಳುವುದು, ನಾನು ಹಾಜರಿ ಪಟ್ಟಿಯ ಗುಣಾಕಾರಕ್ಕೆ ಅದನ್ನು ಹೊಂದಿಸುವುದು. ಬೆಳಿಗ್ಗೆ ಕೂತವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಹೋಗಿ ಬಂದ ಗುಣಾಕಾರಗಳ ಪ್ರತಿ ಗುಂಪಿಗೂ ಔರಾದಿನ ಮುನ್ಷಿಯವರ ಒಂದು ಸಹಿ ಸಿಗುತ್ತಾ ಹೋಯಿತು. ಒಂದೊಂದು ಸಿಕ್ಕಾಗಲೂ ಖಾದರ್ ಸಾಹೇಬರು "ಶಾಬಾಸ್" ಎನ್ನುತ್ತಿದ್ದರು. ನನಗೆ ಒಂದೊಂದೂ ಕಪಾಳಕ್ಕೆ ಬಿದ್ದಂತಿತ್ತು.

ಎರಡು ದಿನ ಮಾತ್ರ ಹೊಂದಲಿಲ್ಲ. ಆ ದಿನಗಳ ಸುಮಾರಿಗೆ ಔರಾದಿನಲ್ಲಿ ಯಾವ ಕಾಗದವೂ ಮುಟ್ಟಿರಲಿಲ್ಲ. "ಇವೆರಡನ್ನೂ ಪ್ರವಾಸದಾಗ ಸೇರಿಸಿಬಿಡ್ತೀನಿ, ಯಾರಿಗಿ ತಿಳೀತದ?" ಎಂದೆ.

"ಬ್ಯಾಡ್ರಿ" ಎಂದರು ಘಾಳೆಪ್ಪನವರು. "ಅವತ್ತ ನಾ ಖರೇನೇ ಬಂದಿಲ್ಲ. ಅವ್ವ ತೀರಿಕೊಂಡಿದ್ಲು, ಕಮಠಾಣದಾಗ ಮಣ್ಣಿಗಿ ಹೋಗಿದ್ದೆ. ಕಿಟಕಿಗಿ ಬಂದು ಹೇಳಾಕ ಆಗಲಿಲ್ಲ. ಹಾಂಗೇ ಬರೀರಿ. ಸುಳ್ಳ ಬರದ್ರ ನಮಗೂ ಅವರಿಗೂ ಏನ್ ಫರಕ ಉಳೀತು?"

ಹಾಗೇ ಬರೆದೆ. ಅರ್ಜಿಯ ಜೊತೆಗೆ ನನ್ನ ಹೇಳಿಕೆಯನ್ನೂ ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ಆ ಸಹಿ ಹಾಕುವಾಗ ನನ್ನ ಕಾಯಮಾತಿ ಹೋಯಿತೆಂದೇ ತಿಳಿದಿದ್ದೆ. ಹೋದರೆ ಹೋಗಲಿ ಎಂಬ ಹಟ ಆ ಮಧ್ಯಾಹ್ನ ಎಲ್ಲಿಂದ ಬಂತೋ, ಬಂದಿತ್ತು.

ಬೀದರಿನ ಅಧಿಕಾರಿಗಳು ವಿಚಾರಣೆಗೆ ಕರೆದರು. ನಮ್ಮ ಸಾಹೇಬರು, ನಾನು ಕೋಣೆಯೊಳಗೆ ಹೋದೆವು, ಘಾಳೆಪ್ಪನವರು ರೂಢಿಯಂತೆ ಬಾಗಿಲಲ್ಲೇ ನಿಂತರು. "ನಿಮ್ಮದೇ ವಿಚಾರಣೆ, ಒಳಗೆ ಬನ್ನಿ" ಎಂದರು ಅಧಿಕಾರಿ. ಅವರು ಬಂದರು. ಅಧಿಕಾರಿ ಎರಡೂ ವಹಿಗಳನ್ನು ಪಕ್ಕಪಕ್ಕ ಇಟ್ಟು, ನಾವು ಹೊಂದಿಸಿದ ಪಟ್ಟಿಯನ್ನು ಸಾವಕಾಶ ನೋಡಿದರು. ತಾಯಿಯ ಸಾವಿನ ಎರಡು ದಿನಗಳ ಮೇಲೆ ಅವರ ಬೆರಳು ನಿಂತಿತು. "ಇದನ್ನು ನೀವೇ ಒಪ್ಪಿಕೊಂಡಿದ್ದೀರಿ" ಎಂದರು. "ಹೌದ್ರಿ" ಎಂದರು ಘಾಳೆಪ್ಪನವರು. ಅಲ್ಲಿಂದ ಮುಂದೆ ಅಧಿಕಾರಿ ಉಳಿದ ತಾರೀಖುಗಳ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ.

ನಮ್ಮ ಸಾಹೇಬರತ್ತ ತಿರುಗಿ ಕೇಳಿದ್ದು ಒಂದೇ: "ಈತನಿಗೆ ಸಹಿ ಬರುತ್ತದಲ್ಲ, ಹಾಜರಿ ಪಟ್ಟಿಯಲ್ಲಿ ಈತನೇ ಯಾಕೆ ಸಹಿ ಹಾಕಿಲ್ಲ?"

ಸಾಹೇಬರು, "ಅದು ನಮ್ಮ ಕಚೇರಿಯ ಪದ್ಧತಿ" ಎಂದರು.

"ಯಾವ ಪದ್ಧತಿ?"

ಸಾಹೇಬರು ನನ್ನತ್ತ ನೋಡಿದರು. ಘಾಳೆಪ್ಪನವರೂ ನನ್ನನ್ನೇ ನೋಡುತ್ತಿದ್ದರು.

"ಅವರನ್ನ ಒಳಗ ಬಿಡ್ತಿರಲಿಲ್ರಿ" ಎಂದೆ. "ಜಾತಿ ನೋಡಿ ಬಿಡ್ತಿರಲಿಲ್ಲ. ಯಾರೂ ಆರ್ಡರ್ ಮಾಡಿಲ್ರಿ. ನಾನೇ ಒಂದ್ ದಿನಾನೂ ಒಳಗ ಬಾ ಅಂದಿಲ್ಲ. ಕಿಟಕ್ಯಾಗ ಕಂಡ್ರ ಹಾಜರಿ, ಕಾಣದಿದ್ರ ಗೈರುಹಾಜರಿ ಹಾಕೀನ್ರಿ."

ಅಧಿಕಾರಿ ಅದನ್ನು ನನ್ನ ಮಾತಿನಲ್ಲೇ ಬರೆದುಕೊಂಡರು. ಓದಿ ಹೇಳಿ, ಸಹಿ ಮಾಡಿಸಿಕೊಂಡರು.

ಆದೇಶ ಬರಲು ಒಂದು ತಿಂಗಳು ಹಿಡಿಯಿತು. ಘಾಳೆಪ್ಪನವರ ಬರ್ತರಫ್ ರದ್ದಾಗಿತ್ತು. ಪ್ರವಾಸದ ದಿನಗಳೆಲ್ಲ ಕೆಲಸದ ದಿನಗಳೆಂದು ಬರೆದಿತ್ತು, ಆ ಎರಡು ದಿನಗಳಿಗೆ ರಜೆ ಕೊಟ್ಟಿದ್ದರು. ಇನ್ನು ಮುಂದೆ ಪ್ರತಿಯೊಬ್ಬನೂ ತನ್ನ ಹಾಜರಿ ತಾನೇ ಹಾಕಬೇಕು. ಔರಾದಿನ ಟಪಾಲು ಇಬ್ಬರು ಚಪರಾಸಿಗಳಿಗೂ ಪಾಳಿಯ ಮೇಲೆ. ಒಯ್ಯುವವನು ಕಚೇರಿಗೆ ಬಂದು ಸಹಿ ಹಾಕಿಯೇ ಹೊರಡಬೇಕು, ಟಪಾಲು ಮರುದಿನ ಮುಟ್ಟಿದರೂ ಅಡ್ಡಿಯಿಲ್ಲ. ನನ್ನ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ತಾಕೀದು ಬಿತ್ತು, ಕಾಯಮಾತಿ ಒಂದು ವರ್ಷ ಮುಂದಕ್ಕೆ ಹೋಯಿತು. ಆ ತಾಕೀದನ್ನು ಅಳಿಸಿಕೊಳ್ಳಲು ಆಮೇಲೆ ಅವಕಾಶಗಳಿದ್ದವು. ನಾನು ಅರ್ಜಿ ಹಾಕಲಿಲ್ಲ.

ಆದೇಶ ಬಂದ ಮರು ಸೋಮವಾರ ಹತ್ತು ಗಂಟೆಗೆ ರೂಢಿಯಂತೆ ನನ್ನ ಕತ್ತು ಕಿಟಕಿಯ ಕಡೆ ತಿರುಗಿತು. ಅಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಬಾಗಿಲಿನಿಂದ ಘಾಳೆಪ್ಪನವರು ಒಳಗೆ ಬಂದರು. ಒಗೆದ ಅಂಗಿ, ತಲೆಗೆ ಬಿಳಿ ರುಮಾಲು. ಕಚೇರಿಯಲ್ಲಿ ಎಲ್ಲರ ಕೆಲಸ ನಿಂತಿತು. ಖಾದರ್ ಸಾಹೇಬರು ಮಾತ್ರ ತಲೆ ಎತ್ತದೆ ತಮ್ಮ ಕಡತಗಳ ಗಂಟು ಕಟ್ಟುತ್ತಿದ್ದರು.

"ಬರ್ರಿ ಘಾಳೆಪ್ಪನವರೆ" ಎಂದೆ. ನನ್ನ ಬಾಯಿಗೆ ಆ ಮಾತು ಹೊಸದು. ಗಡಿಬಿಡಿಯಲ್ಲಿ ಲೇಖನಿ ಶಾಯಿಗೆ ಅದ್ದಿ, "ತಡೀರಿ, ನಾ ಹಾಕ್ತೀನಿ" ಎಂದೆ.

"ಬ್ಯಾಡ್ರಿ. ನನ್ನ ಹಾಜರಿ ನಾನೇ ಹಾಕ್ತೇನಿ. ಲೇಖನಿ ಇತ್ತ ಕೊಡ್ರಿ."

ಕೊಟ್ಟೆ. ಅವರು ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಬರೆದಾದ ಮೇಲೆ ಹಿಂದಿನ ಹಾಳೆಗಳನ್ನು ತಿರುವಿ ಆ ಗುಣಾಕಾರಗಳನ್ನು ನೋಡಿದರು.

"ಇವು ನನ್ನವೇನ್ರಿ?"

"ಹೌದ್ರಿ. ಇವತ್ತ ಕೂತು ಎಲ್ಲಾ ಅಳಿಸಿ ತಿದ್ದತೀನಿ."

"ತಿದ್ದಿದ್ದು ಬಾಜೂಕ ಬರೀರಿ. ಅಳಸಬ್ಯಾಡ್ರಿ. ನಮ್ಮ ಹಿಂದ ಬಂದವರು ನೋಡಲಿ."

ಪಟ್ಟಿ ಮುಚ್ಚಿ ನನ್ನ ಕಡೆ ಸರಿಸಿದರು. ನೆಟ್ಟಗೆ ನಿಂತು, ಇಡೀ ಕಚೇರಿಗೆ ಕೇಳುವ ದನಿಯಲ್ಲಿ ಕೇಳಿದರು: "ಔರಾದಿಗಿ ಇವತ್ತ ಯಾರ ಪಾಳಿ ಅದರಿ?"

ಪಾಳಿಯ ಪಟ್ಟಿ ನನ್ನ ಮುಂದೆಯೇ ಇತ್ತು. ಓದಿ ಹೇಳಿದೆ. ನಾಗಪ್ಪ ಸ್ಟೂಲಿನಿಂದ ಎದ್ದ, ಟಪಾಲಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಘಾಳೆಪ್ಪನವರು ಹೋಗಿ ಆ ಸ್ಟೂಲಿನ ಮೇಲೆ ಕೂತರು.